ಚೆಂಡಿನ ಹಿಂದೆ ಯಾರೂ ಇರಲಿಲ್ಲ

ಆ ಶಾಲೆಯ ಐದನೆಯ ತರಗತಿಯ ಮುಂದೆ ಮೊದಲ ಸಲ ಹಾದುಹೋಗುವವರು ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಒಳಗಿನಿಂದ ಎರಡು ಸಲ ಸೀಟಿ ಊದಿದ ಸದ್ದು ಬರುತ್ತದೆ. ಅದರ ಹಿಂದೆಯೇ, "ಮುಂದೆ ನಡೀರಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನೇತಾಡ್ಬೇಡಿ" ಎಂಬ ಗಟ್ಟಿ ದನಿ. ಇಣುಕಿ ನೋಡಿದರೆ ಬೆಂಚುಗಳೆಲ್ಲ ಎರಡು ಸಾಲಾಗಿ, ನಡುವೆ ಓಡಾಡುವಷ್ಟು ಜಾಗ ಬಿಟ್ಟುಕೊಂಡು, ಥೇಟ್ ಬಸ್ಸಿನ ಹಾಗೆ ಕೂತಿವೆ. ಇಪ್ಪತ್ತಾರು ಮಕ್ಕಳು ಒಮ್ಮೆ ಹಿಂದಕ್ಕೆ ವಾಲುತ್ತಾರೆ, ಒಮ್ಮೆ ಮುಂದಕ್ಕೆ ಮುಗ್ಗರಿಸುತ್ತಾರೆ. ನಡುವೆ, ಏನನ್ನೂ ಹಿಡಿದುಕೊಳ್ಳದೆ, ಪಾದ ಅಗಲಿಸಿ ನಿಂತ ಐವತ್ತರ ಹೆಂಗಸೊಬ್ಬರು. ಅವರೇ ಸೀಟಿ ಟೀಚರ್. ಇದು ನಾಟಕದ ತಾಲೀಮಲ್ಲ, ವಿಜ್ಞಾನದ ಪಾಠ. ಪಾಠದ ಹೆಸರು 'ಬಲ ಮತ್ತು ಚಲನೆ'.

ಟೀಚರ್ ಆಗುವ ಮೊದಲು ಅವರು ಹನ್ನೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಸಿಗುತ್ತಿದ್ದ ಇಪ್ಪತ್ತು ನಿಮಿಷದಲ್ಲಿ ಡಿಪೋದ ವಿಶ್ರಾಂತಿ ಕೋಣೆಯ ಮೂಲೆಗೆ ಕೂತು, ಸುತ್ತ ಡ್ರೈವರುಗಳ ಗೊರಕೆ, ಹರಟೆ, ಬೀಡಿ ಹೊಗೆಯ ನಡುವೆ ಶಿಕ್ಷಕರ ಪರೀಕ್ಷೆಗೆ ಓದಿದವರು. "ಏನಕ್ಕಾ, ಕಲೆಕ್ಟರ್ ಆಗೋ ಯೋಚನೆನಾ?" ಎಂದು ಅವರಲ್ಲೊಬ್ಬ ಕಾಲೆಳೆದರೆ, "ಆದ್ರೆ ಮೊದಲು ನಿನ್ನ ಲೈಸೆನ್ಸೇ ಕಿತ್ಕೊಳ್ಳೋದು" ಎಂದು ಪುಸ್ತಕದಿಂದ ತಲೆ ಎತ್ತದೆಯೇ ಉತ್ತರ ಕೊಡುತ್ತಿದ್ದರು. ಪರೀಕ್ಷೆ ಪಾಸಾಯಿತು, ಕೆಲಸ ಸಿಕ್ಕಿತು, ಟಿಕೆಟಿನ ಚೀಲ ಡಿಪೋಗೆ ವಾಪಸ್ ಹೋಯಿತು. ಸೀಟಿ ಮಾತ್ರ ಅವರ ಕೊರಳಲ್ಲೇ ಉಳಿಯಿತು. ಒಂದು ಸೀಟಿಗೆ ಮಕ್ಕಳು ಬಾಯಿ ಮುಚ್ಚಬೇಕು, ಎರಡು ಸೀಟಿಗೆ ಕೆಲಸ ಶುರು ಮಾಡಬೇಕು.

ಅವರು ಪಾಠ ಮಾಡುವ ರೀತಿಯನ್ನು ನೋಡಿಯೇ ತಿಳಿಯಬೇಕು. ಬಲ ಎಂದರೇನು ಎಂದು ಕರಿಹಲಗೆಯ ಮೇಲೆ ಬರೆಯುವ ಜಾಯಮಾನವೇ ಅವರದಲ್ಲ. ಮೊದಲ ದಿನ ಇಡೀ ತರಗತಿಯನ್ನು ಹೊರಗೆ ಕರೆದುಕೊಂಡು ಹೋಗಿ ಶಾಲೆಯ ಗೋಡೆಯನ್ನು ತಳ್ಳಿಸುತ್ತಾರೆ. ಮಕ್ಕಳು ಮುಖ ಕೆಂಪಾಗುವ ತನಕ ತಳ್ಳುತ್ತಾರೆ. "ಗೋಡೆ ಅಲ್ಲಾಡಿತಾ? ಇಲ್ಲ. ಹಾಗಾದ್ರೆ ನೀವು ತಳ್ಳೇ ಇಲ್ವಾ?" ಎಂದು ಕೇಳುತ್ತಾರೆ. ತಳ್ಳಿದ್ದೇವೆ ಎಂದು ಮಕ್ಕಳು ಹಟ ಹಿಡಿಯುತ್ತಾರೆ, ಜಗಳವೇ ಆಗುತ್ತದೆ. ಆ ಜಗಳದಲ್ಲಿ ಅರ್ಧ ಪಾಠ ಮುಗಿದುಹೋಗುತ್ತದೆ. ಮರುದಿನ ಮರಳಿನ ಮೂಟೆಯನ್ನು ಒಮ್ಮೆ ಸಿಮೆಂಟಿನ ಮೇಲೆ, ಒಮ್ಮೆ ಮಣ್ಣಿನ ಮೇಲೆ, ಒಮ್ಮೆ ನೀರು ಚೆಲ್ಲಿದ ವರಾಂಡದ ಮೇಲೆ ಎಳೆಸುತ್ತಾರೆ. ಘರ್ಷಣೆ ಎಂಬ ಪದ ಅವರ ಬಾಯಿಂದ ಬರುವ ಹೊತ್ತಿಗೆ ಮಕ್ಕಳ ಅಂಗೈಗೆ ಅದು ಗೊತ್ತಾಗಿರುತ್ತದೆ. ಲೆಕ್ಕದಲ್ಲಿ ಸದಾ ಹಿಂದೆ ಬೀಳುವ ಮಕ್ಕಳು ಈ ಪಾಠದ ವಾರ ಮಾತ್ರ ಒಂದು ದಿನವೂ ಶಾಲೆ ತಪ್ಪಿಸುವುದಿಲ್ಲ. ಹಾಗೆ ಕಲಿಸುವವರು ನೂರರಲ್ಲಿ ಒಬ್ಬರು ಸಿಕ್ಕರೆ ಪುಣ್ಯ.

ಪಾಠದ ಕೊನೆಗೆ ಬರುವುದೇ ಬೆಂಚಿನ ಬಸ್ಸು. ಅದಕ್ಕಾಗಿ ಅವರು ಕರಿಹಲಗೆಯ ಮೇಲ್ಗಡೆ ಒಂದು ಚಾರ್ಟ್ ತೂಗುಹಾಕಿದ್ದರು. ತಮ್ಮ ಕೈಯಾರೆ ಕೆಂಪು ಬಣ್ಣದಲ್ಲಿ ಬರೆದದ್ದು: 'ತಳ್ಳದೆ ಯಾರೂ ಬೀಳುವುದಿಲ್ಲ.' ಬ್ರೇಕ್ ಹಾಕಿದಾಗ ಹಿಂದಿನಿಂದ ಒಂದು ಬಲ ಬಂದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ, ಇದು ಅವರು ಹೇಳಿಕೊಡುತ್ತಿದ್ದ ವಿವರಣೆ. ಹನ್ನೊಂದು ವರ್ಷ ಬಸ್ಸಿನಲ್ಲಿ ನಿಂತವರಿಗೆ, ಹಣೆಯ ಮೇಲೆ ಕಂಬಿ ಬಡಿದ ಗಾಯದ ಗುರುತು ಇರುವವರಿಗೆ, ಆ ಬಲವನ್ನು ಇನ್ನೊಬ್ಬರು ತೋರಿಸಿಕೊಡಬೇಕೇ? ಹದಿನೈದು ವರ್ಷ, ಹದಿನೈದು ತಂಡದ ಮಕ್ಕಳು ಆ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡು ಹೋದರು.

ಆ ವರ್ಷ ಬೆಂಚಿನ ಬಸ್ಸಿನ ಹೆಸರು ಶಾಲೆಯ ಗೇಟು ದಾಟಿತು. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಶನಿವಾರ ಬಂದು ಈ ಪಾಠವನ್ನು ನೋಡಬೇಕು, ನೋಡಿ ತಮ್ಮ ಶಾಲೆಗಳಲ್ಲೂ ಹಾಗೆಯೇ ಮಾಡಬೇಕು ಎಂದು ಮೇಲಿನಿಂದ ಕಾಗದ ಬಂತು. ಚೆನ್ನಾಗಿ ಆದರೆ ಟೀಚರನ್ನು ಶಿಕ್ಷಕರ ತರಬೇತಿಗೆ ಕರೆಸಿಕೊಳ್ಳುತ್ತಾರೆ ಎಂಬ ಮಾತೂ ಇತ್ತು. ಅವರಿಗೆ ಆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ದಿನ ನೆಲದ ಮೇಲೆ ಕಾಲಿಟ್ಟೇ ನಡೆಯಲಿಲ್ಲ.

ಬುಧವಾರ ತಾಲೀಮು ನಡೆಯಿತು. ಬಂದವರಿಗೆ ಇನ್ನೂ ಸ್ಪಷ್ಟವಾಗಿ ಕಾಣಲಿ ಎಂದು ಟೀಚರ್ ಹೊಸದೊಂದು ಪ್ರಯೋಗ ಸೇರಿಸಿದ್ದರು. ಪುಸ್ತಕದ ಪೆಟ್ಟಿಗೆ ಸಾಗಿಸುವ ನಾಲ್ಕು ಚಕ್ರದ ಗಾಡಿ, ಅದರ ಮೇಲೊಂದು ರಬ್ಬರ್ ಚೆಂಡು. ಗಾಡಿಯನ್ನು ಮೆಲ್ಲಗೆ ತಳ್ಳಿದರು, ಚೆಂಡು ಅದರ ಜೊತೆಗೇ ಹೊರಟಿತು. ಬಾಗಿಲ ಬಳಿ ಗಾಡಿಗೆ ತಮ್ಮ ಕಾಲು ಅಡ್ಡ ಇಟ್ಟರು. ಗಾಡಿ ನಿಂತಿತು, ಚೆಂಡು ಮುಂದಕ್ಕೆ ಉರುಳಿ ವರಾಂಡ ದಾಟಿ ಹೋಯಿತು.

"ಚೆಂಡನ್ನ ಯಾರು ತಳ್ಳಿದ್ದು?"

"ಬ್ರೇಕು," ಎಂದು ತರಗತಿ ಒಕ್ಕೊರಲಿನಿಂದ ಹೇಳಿತು.

ಒಬ್ಬಳು ಹೇಳಲಿಲ್ಲ. ಇಸ್ತ್ರಿಯವನ ಮಗಳು. ದಿನಾ ಬೆಳಿಗ್ಗೆ ಅಪ್ಪನ ಇಸ್ತ್ರಿ ಗಾಡಿಯ ಮೇಲೆ, ಬಟ್ಟೆಯ ಗಂಟುಗಳ ನಡುವೆ ಕೂತು ಶಾಲೆಗೆ ಬರುವ ಹುಡುಗಿ. ತರಗತಿಯಲ್ಲಿ ಅವಳು ತುಟಿ ಪಿಟಕ್ಕೆನ್ನುವುದೇ ಅಪರೂಪ.

"ನಿನಗೇನಮ್ಮ, ಬಾಯಿಗೆ ಬೀಗ ಹಾಕಿದ್ಯಾ? ಯಾರು ತಳ್ಳಿದ್ದು ಹೇಳು."

ಹುಡುಗಿ ಎದ್ದು ನಿಂತಳು. "ಯಾರೂ ತಳ್ಳಿಲ್ಲ ಟೀಚರ್. ನಿಮ್ಮ ಕಾಲು ಗಾಡಿ ಮುಂದೆ ಇತ್ತು. ಚೆಂಡಿನ ಹಿಂದೆ ಯಾರೂ ಇರ್ಲಿಲ್ಲ."

"ಮತ್ತೆ ಅದು ಹೇಗೆ ಹೋಯ್ತು?"

"ಅದು ಮೊದಲೇ ಹೋಗ್ತಾ ಇತ್ತಲ್ಲ ಟೀಚರ್. ಗಾಡಿ ನಿಂತಿತು, ಚೆಂಡು ನಿಲ್ಲಲಿಲ್ಲ."

ಮಕ್ಕಳು ನಕ್ಕರು. "ಸರಿ ಸರಿ, ಕೂತ್ಕೋ" ಎಂದುಬಿಟ್ಟರು ಟೀಚರ್. ಹಾಗೆಂದರೂ ಅವರ ಕಣ್ಣು ಗಾಡಿಯ ಮೇಲೇ ಇತ್ತು. ತರಗತಿ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಗಾಡಿಯನ್ನು ಇನ್ನೂ ಏಳೆಂಟು ಸಲ ತಳ್ಳಿ ನಿಲ್ಲಿಸಿ ನೋಡಿದರು. ಪ್ರತಿ ಸಲವೂ ಚೆಂಡಿನ ಹಿಂದೆ ಯಾರೂ ಇರಲಿಲ್ಲ.

ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ವಿಷಯ ಎತ್ತಿದರು. ಅವರ ಯಜಮಾನರು ಅದೇ ಡಿಪೋದಲ್ಲಿ ಬ್ರೇಕ್ ಕೆಲಸದ ಮೆಕ್ಯಾನಿಕ್. ಮಾತು ಕಡಿಮೆ, ಆಡಿದರೆ ಮುಖಕ್ಕೆ ಹೊಡೆದ ಹಾಗೆ.

"ಅಲ್ಲ ರೀ, ಬ್ರೇಕ್ ಹಾಕಿದಾಗ ಜನ ಮುಂದಕ್ಕೆ ಬೀಳ್ತಾರಲ್ಲ, ಅವರನ್ನ ತಳ್ಳೋದು ಏನು?"

ಅವರು ಲೋಟ ಕೆಳಗಿಟ್ಟು ಹೆಂಡತಿಯನ್ನು ನೋಡಿದರು. "ಏನು ತಳ್ಳುತ್ತೆ? ನಾವು ಬ್ರೇಕ್ ಹಾಕೋದು ಬಸ್ಸಿನ ಚಕ್ರಕ್ಕೆ. ಒಳಗೆ ನಿಂತಿರೋ ಜನಕ್ಕೆ ಬ್ರೇಕ್ ಯಾರು ಹಾಕಿದ್ದಾರೆ? ಅವರು ಹೋಗ್ತಾನೇ ಇರ್ತಾರೆ."

"ಇದನ್ನ ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಟೀಚರ್ ಪಾಠದ ಪುಸ್ತಕ ತೆಗೆದರು. ಮೊದಲ ಸಾಲು ಅವರಿಗೆ ಬಾಯಿಪಾಠವೇ ಇತ್ತು: ನಿಂತಿರುವ ವಸ್ತು ಚಲಿಸಬೇಕಾದರೆ ಬಲ ಬೇಕು. ಅದರ ಕೆಳಗಿನ ಸಾಲು: ಚಲಿಸುತ್ತಿರುವ ವಸ್ತು ನಿಲ್ಲಬೇಕಾದರೂ ಬಲ ಬೇಕು. ಹದಿನೈದು ವರ್ಷದಿಂದ ಅದು ಅಲ್ಲೇ ಇತ್ತು. ಮಕ್ಕಳಿಂದ ಓದಿಸಿಯೂ ಇದ್ದರು. ಆದರೆ ಬಸ್ಸಿನ ಮಾತು ಬಂದಾಗಲೆಲ್ಲ ಪುಸ್ತಕಕ್ಕಿಂತ ತಮ್ಮ ಕಾಲಿನ ಅನುಭವವನ್ನೇ ನಂಬಿದ್ದರು. ಕಂಡಕ್ಟರ್ ಆಗಿದ್ದ ಹೆಮ್ಮೆ ಅಂದರೆ ಹಾಗೇ ಇರುತ್ತದೆ.

ಇಷ್ಟೇ ಆಗಿದ್ದರೆ ಚಾರ್ಟ್ ಹರಿದು ಹೊಸದು ಬರೆದರೆ ಮುಗಿಯುತ್ತಿತ್ತು. ಆದರೆ ಚಾರ್ಟಿನ ಆ ಮಾತು ಅವರ ಬಾಯಿಂದ ಮೊದಲು ಬಂದದ್ದು ತರಗತಿಯಲ್ಲಲ್ಲ. ಅದು ನೆನಪಾಗಿ ಅವರು ಪುಸ್ತಕ ಮುಚ್ಚಿಟ್ಟರು.

ಹದಿನಾರು ವರ್ಷದ ಹಿಂದಿನ ಮಾತು. ಕಂಡಕ್ಟರ್ ಕೆಲಸದ ಕೊನೆಯ ವರ್ಷ, ಬೆಳಗಿನ ಹತ್ತರ ಟ್ರಿಪ್, ಬಸ್ಸು ಭರ್ತಿ. ನಾಯಿಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ತುಳಿದ. ತರಕಾರಿ ಬುಟ್ಟಿಯ ಅಜ್ಜಿಯೊಬ್ಬರು ಮುಗ್ಗರಿಸಿ ಬಾಗಿಲ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡರು. "ಯಾರೋ ನೂಕಿದ್ರು" ಎಂದು ನರಳಿದರು. ಅವರ ಹಿಂದೆ ನಿಂತಿದ್ದವನು ಗಡಿಯಾರ ರಿಪೇರಿ ಮಾಡುವ ಯುವಕ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಗೋಡೆ ಗಡಿಯಾರ. ಇಡೀ ಬಸ್ಸು ಅವನ ಮೇಲೆ ತಿರುಗಿಬಿತ್ತು. ಯಾರೋ ಕೊರಳಪಟ್ಟಿಗೆ ಕೈಹಾಕಿದರು. "ನಾನು ತಳ್ಳಿಲ್ಲ ಅಕ್ಕಾ, ಬೇಕಾದ್ರೆ ಕೈ ನೋಡಿ" ಎಂದು ಆತ ಎರಡೂ ಕೈ ಮೇಲೆತ್ತಿದ. ಗಡಿಯಾರ ಕೆಳಗೆ ಬಿದ್ದು ಗಾಜು ಪುಡಿಯಾಯಿತು. ಜನ ಕಂಡಕ್ಟರ್ ಏನು ಹೇಳುತ್ತಾಳೋ ಎಂದು ಕಾದರು. ಕಂಡಕ್ಟರ್ ಹೇಳಿದಳು: "ತಳ್ಳದೆ ಯಾರಾದ್ರೂ ಬೀಳ್ತಾರೇನ್ರೀ? ಇಳೀರಿ ಕೆಳಗೆ." ಆತನನ್ನು ನಡುದಾರಿಯಲ್ಲಿ ಇಳಿಸಿ ಎರಡು ಸೀಟಿ ಊದಿದಳು.

ಬಸ್ಸು ಮುಂದೆ ಹೋಯಿತು, ಆ ಮಾತು ಬೀದಿಯಲ್ಲೇ ಉಳಿಯಿತು. ಉಪ್ಪು ಖಾರ ಹಚ್ಚುವವರಿಗೇನು ಬರವೇ? ಮುದುಕಿಯನ್ನು ಬಸ್ಸಿನಿಂದ ತಳ್ಳಿದವನು ಎಂದಾಯಿತು. ವಾರದೊಳಗೆ ಆತನಿಗೆ ತಳ್ಳಪ್ಪ ಎಂದು ಹೆಸರು ಬಿತ್ತು. ಈಗ ಆ ಹೆಸರು ಯಾಕೆ ಬಂತೆಂದು ಅರ್ಧ ಜನಕ್ಕೆ ಗೊತ್ತಿಲ್ಲ. "ತಳ್ಳಪ್ಪನ ಅಂಗಡಿ ಹತ್ತಿರ ಎಡಕ್ಕೆ ತಿರುಗಿ" ಎಂದು ದಾರಿ ಹೇಳುತ್ತಾರೆ, ಅಷ್ಟೇ. ಆತ ಮಾತ್ರ ಅವತ್ತಿನಿಂದ ಬಸ್ಸು ಹತ್ತಿಲ್ಲ. ಎಲ್ಲಿಗೆ ಹೋಗುವುದಿದ್ದರೂ ನಡಿಗೆ. ಆತನ ಮಗಳು ಇದೇ ಶಾಲೆಯಲ್ಲಿ ಓದುವಾಗ ಅಪ್ಪ ಗೇಟಿನ ತನಕ ಬರುವುದು ಬೇಡ, ಮೂಲೆಯಲ್ಲೇ ನಿಲ್ಲಲಿ ಎನ್ನುತ್ತಿದ್ದಳು. ಆ ಹುಡುಗಿಯೂ ಮೂರನೆಯ ಬೆಂಚಿನಲ್ಲಿ ಕೂತು ಕೆಂಪು ಚಾರ್ಟಿನ ಸಾಲನ್ನು ದುಂಡಗೆ ಬರೆದುಕೊಂಡಿದ್ದಳು. ಸೀಟಿ ಟೀಚರ್ ಅದರ ಕೆಳಗೆ 'ಬಹಳ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದ್ದರು.

ಆ ಸಹಿ ನೆನಪಾಗಿ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಆರಿಹೋದ ಚಹಾ ಹಾಗೇ ಉಳಿಯಿತು.

ಗುರುವಾರ ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಹೋದರು. ಎರಡು ಆಳು ನಿಂತರೆ ತುಂಬುವ ಅಂಗಡಿ. ಗೋಡೆಯ ಮೇಲೆ ಹತ್ತಾರು ಗಡಿಯಾರ, ಒಂದೊಂದರದ್ದು ಒಂದೊಂದು ಹೊತ್ತು. ಆತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಮೇಲೆ ಬಾಗಿದ್ದರು. ಕೂದಲು ನೆರೆತಿತ್ತು.

"ನಾನು ಯಾರು ಅಂತ ಗೊತ್ತಾಯ್ತಾ?" ಎಂದರು ಟೀಚರ್.

"ಗೊತ್ತು. ನನ್ನ ಮಗಳಿಗೆ ಪಾಠ ಹೇಳಿದವರು." ಅದಕ್ಕಿಂತ ಹಿಂದಿನ ಗುರುತನ್ನು ಆತ ಹೇಳಲಿಲ್ಲ.

ಟೀಚರ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಗಾಡಿ, ಚೆಂಡು, ಇಸ್ತ್ರಿಯವನ ಮಗಳ ಮಾತು, ಪುಸ್ತಕದ ಎರಡನೆಯ ಸಾಲು. "ಅವತ್ತು ಆ ಅಜ್ಜೀನ ಯಾರೂ ತಳ್ಳಿರಲಿಲ್ಲ. ತಪ್ಪು ನನ್ನದು. ದಯವಿಟ್ಟು ಕ್ಷಮಿಸಿ" ಎಂದು ಕೈಮುಗಿದರು.

ಆತ ಮಸೂರ ತೆಗೆದು ಮೇಜಿನ ಮೇಲಿಟ್ಟರು. ಕೋಪದ ದನಿಯಿರಲಿಲ್ಲ. "ಯಾರೂ ತಳ್ಳಿರಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಮೇಡಂ. ಗೊತ್ತಿಲ್ಲದೇ ಇದ್ದಿದ್ದು ಉಳಿದವರಿಗೆ. ಬಸ್ಸು ತುಂಬ ಜನರ ಮುಂದೆ ಹೇಳಿದ ಮಾತನ್ನ ಅಂಗಡಿ ಒಳಗೆ ವಾಪಸ್ ತಗೊಂಡ್ರೆ ನನಗೆ ಏನು ಬಂತು?" ಮತ್ತೆ ಮಸೂರ ಸಿಕ್ಕಿಸಿಕೊಂಡು ಬಾಗಿದರು.

ಟೀಚರ್ ಅಂಗಡಿಯಿಂದ ಇಳಿದು ಮನೆಯ ಕಡೆ ಹೊರಟರು. ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತಿತು. ಬಸ್ಸು ತುಂಬ ಜನ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಏನು ಮಾಡಬೇಕೆಂದು ಗೊತ್ತಾಗಿತ್ತು. "ರೀ, ಶನಿವಾರಕ್ಕೆ ನನಗೊಂದು ಬಸ್ಸು ಬೇಕು" ಎಂದರು.

ಯಜಮಾನರು ಯಾಕೆ ಎಂದು ಕೇಳಲಿಲ್ಲ. "ಬ್ರೇಕ್ ಚೆನ್ನಾಗಿರೋದೇ ತರ್ತೀನಿ," ಎಂದರು.

ಶುಕ್ರವಾರ ಹೆಡ್ ಮೇಡಂ ವಿಷಯ ಕೇಳಿ ತಲೆಯ ಮೇಲೆ ಕೈಹೊತ್ತರು. ಒಳ್ಳೆಯವರೇ, ಆದರೆ ಶಾಲೆಯ ಮರ್ಯಾದೆ ಎಂದರೆ ಪ್ರಾಣ. "ಒಂದು ಸಾಲು ತಾನೇ? ಚಾರ್ಟ್ ತೆಗೆದುಬಿಡಿ, ಸರಿಯಾದ್ದು ಬರೀರಿ, ಯಾರಿಗೂ ಗೊತ್ತಾಗಲ್ಲ. ಹದಿನೈದು ವರ್ಷ ತಪ್ಪು ಕಲಿಸಿದೆ ಅಂತ ನೀವೇ ಹೇಳಿಕೊಂಡ್ರೆ ನಗೆಪಾಟಲಾಗುತ್ತೆ. ತರಬೇತಿಗೆ ಕರೆಯೋ ಮಾತೂ ಅಲ್ಲಿಗೇ ಮುಗೀತು."

"ಚಾರ್ಟನ್ನ ಗೋಡೆಯಿಂದ ತೆಗೀಬಹುದು ಮೇಡಂ. ಅವರ ಹೆಸರನ್ನ ಎಲ್ಲಿಂದ ತೆಗೀಲಿ?"

ಹೆಡ್ ಮೇಡಂ ನಿಟ್ಟುಸಿರು ಬಿಟ್ಟು ಬಸ್ಸಿನ ಅನುಮತಿ ಪತ್ರಕ್ಕೆ ಸಹಿ ಹಾಕಿದರು.

ಆ ದಿನ ಐದನೆಯ ತರಗತಿಗೆ ಸಿಕ್ಕ ಮನೆಗೆಲಸ ಆ ಶಾಲೆಯ ಇತಿಹಾಸದಲ್ಲೇ ಇರಲಿಲ್ಲ. 'ಮನೆಯಲ್ಲಿ, ಅಕ್ಕಪಕ್ಕದಲ್ಲಿ ನನ್ನ ಹತ್ತಿರ ಓದಿದ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದ್ದರೆ ಅವರಿಗೆ ಹೇಳಬೇಕು: ಸೀಟಿ ಟೀಚರ್ ತಪ್ಪು ಹೇಳಿಕೊಟ್ಟಿದ್ದರು.' ಮಕ್ಕಳಿಗೆ ಇದಕ್ಕಿಂತ ಖುಷಿಯ ಮನೆಗೆಲಸ ಬೇಕೇ? ಒಬ್ಬರೂ ಮರೆಯಲಿಲ್ಲ. ಮನೆಗೆ ಹೊರಡುವಾಗ ಟೀಚರ್ ಅಂಗಡಿಯ ಮುಂದೆ ನಿಂತು ಇಷ್ಟೇ ಹೇಳಿದರು: "ನಾಳೆ ಬೆಳಿಗ್ಗೆ ಹತ್ತಕ್ಕೆ ಇಲ್ಲಿ ಬಸ್ಸು ನಿಲ್ಲುತ್ತೆ. ನಾನೇ ಕಂಡಕ್ಟರ್." ಆತ ತಲೆ ಎತ್ತಲಿಲ್ಲ.

ಶನಿವಾರ ಬೆಂಚುಗಳ ಮುಂದೆ ಕೂರಲು ಬಂದ ಶಿಕ್ಷಕರನ್ನು ಗೇಟಿನಲ್ಲೇ ತಡೆದು ನಿಜವಾದ ಬಸ್ಸಿಗೆ ಹತ್ತಿಸಿದರು. ಮಕ್ಕಳೆಲ್ಲ ಸೀಟುಗಳ ಮೇಲೆ, ಶಿಕ್ಷಕರು ನಿಂತುಕೊಂಡು. ಎಂಜಿನ್ನಿನ ಪಕ್ಕ ಯಜಮಾನರು ಕೈಕಟ್ಟಿ ಕೂತಿದ್ದರು. ಕಿಟಕಿಯ ಪಕ್ಕ ಇಸ್ತ್ರಿಯವನ ಮಗಳು. ಟೀಚರ್ ಬಾಗಿಲ ಬಳಿ ನಿಂತು ಎರಡು ಸೀಟಿ ಊದಿದರು. ಹದಿನಾರು ವರ್ಷದ ಮೇಲೆ ಬಸ್ಸಿನಲ್ಲಿ ಊದಿದ ಸೀಟಿ ಅದು.

ಗಡಿಯಾರದ ಅಂಗಡಿ ಬಂದಾಗ ಒಂದು ಸೀಟಿ. ಬಸ್ಸು ನಿಂತಿತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಆತ ಹೊಸ್ತಿಲ ಮೇಲೆ ನಿಂತಿದ್ದರು. ತೊಳೆದ ಅಂಗಿ, ಬಾಚಿದ ತಲೆ. ಬರುವುದಿಲ್ಲವೆನ್ನುವವರ ಹಾಗೂ ಇರಲಿಲ್ಲ, ಬರುವವರ ಹಾಗೂ ಇರಲಿಲ್ಲ. ಶಿಕ್ಷಕರು ಕೈಗಡಿಯಾರ ನೋಡಿಕೊಂಡರು. ಟೀಚರ್ ಕರೆಯಲಿಲ್ಲ, ಅವಸರ ಮಾಡಲಿಲ್ಲ, ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಒಂದು ನಿಮಿಷ ಕಳೆದ ಮೇಲೆ ಆತ ಬಂದು ಮೆಟ್ಟಿಲ ಮೇಲೆ ಕಾಲಿಟ್ಟರು.

ಆಗ ಟೀಚರ್ ಮಾತಾಡಿದರು. ತರಗತಿಯ ಗತ್ತಿನ ದನಿಯಲ್ಲ. ಆದರೂ ಕೊನೆಯ ಸೀಟಿನ ತನಕ ಕೇಳುವಷ್ಟಿತ್ತು.

"ಹದಿನಾರು ವರ್ಷದ ಹಿಂದೆ ಇದೇ ದಾರೀಲಿ ಒಬ್ಬರು ಅಜ್ಜಿ ಬಿದ್ದು ಕೈ ಮುರ್ಕೊಂಡ್ರು. ಇವರು ತಳ್ಳಿದ್ರು ಅಂತ ಬಸ್ಸು ತುಂಬ ಜನರ ಮುಂದೆ ಹೇಳಿ ಇವರನ್ನ ಇಳಿಸಿದ ಕಂಡಕ್ಟರ್ ನಾನೇ. ತಳ್ಳದೆ ಯಾರೂ ಬೀಳಲ್ಲ ಅಂತ ನಂಬಿದ್ದೆ. ಅದನ್ನೇ ಹದಿನೈದು ವರ್ಷ ಮಕ್ಕಳಿಗೂ ಕಲಿಸಿದೆ. ಎರಡೂ ತಪ್ಪು. ಇವರು ತಳ್ಳಿರಲಿಲ್ಲ. ಬೇರೆ ಯಾರೂ ತಳ್ಳಿರಲಿಲ್ಲ. ಬಸ್ಸಿಗೆ ಬ್ರೇಕ್ ಬಿತ್ತು, ಅಜ್ಜಿಗೆ ಬೀಳಲಿಲ್ಲ. ಇದನ್ನ ನನಗೆ ಹೇಳಿಕೊಟ್ಟಿದ್ದು ಅಲ್ಲಿ ಕಿಟಕಿ ಪಕ್ಕ ಕೂತಿರೋ ಹುಡುಗಿ. ನೀವು ನಿಮ್ಮ ಶಾಲೆಗೆ ಹೋಗಿ ನನ್ನ ಪಾಠ ಮಾಡೋದಾದ್ರೆ ಈ ತಪ್ಪನ್ನೂ ಸೇರಿಸಿ ಮಾಡಿ."

ತಲೆ ತಗ್ಗಿಸಿ ನಿಂತಿದ್ದ ಹೆಡ್ ಮೇಡಂ ಮೆಲ್ಲಗೆ ತಲೆ ಎತ್ತಿದರು. ಟೀಚರ್ ಎರಡು ಸೀಟಿ ಊದಿದರು. ಬಸ್ಸು ಹೊರಟು ಸ್ವಲ್ಪ ವೇಗ ಪಡೆಯಿತು. ಅಂಚೆ ಕಚೇರಿಯ ಮುಂದಿನ ಖಾಲಿ ರಸ್ತೆಯಲ್ಲಿ ಯಜಮಾನರು ತಲೆಯಾಡಿಸಿದರು, ಡ್ರೈವರ್ ಬ್ರೇಕ್ ತುಳಿದ.

ನಿಂತವರೆಲ್ಲ ಮುಂದಕ್ಕೆ ವಾಲಿದರು. ಗಡಿಯಾರದವರ ಮುಂದೆ ನಿಂತಿದ್ದ ಶಿಕ್ಷಕಿಯೊಬ್ಬರು ಎರಡು ಹೆಜ್ಜೆ ಮುಗ್ಗರಿಸಿ ಸೀಟು ಹಿಡಿದುಕೊಂಡರು. ಈಗಷ್ಟೇ ಎಲ್ಲ ಕೇಳಿಸಿಕೊಂಡಿದ್ದರೂ, ಅಭ್ಯಾಸ ನೋಡಿ, ಸಿಡುಕಿನಿಂದ ಹಿಂದಿರುಗಿ ನೋಡಿಯೇಬಿಟ್ಟರು.

ಹಿಂದೆ ನಿಂತಿದ್ದ ಗಡಿಯಾರದವರ ಎರಡೂ ಕೈ ಆಗಲೇ ಮೇಲೆ ಹೋಗಿದ್ದವು. ಅಂಗೈ ಬಿಚ್ಚಿ, ತಲೆಗಿಂತ ಎತ್ತರಕ್ಕೆ, ಎಲ್ಲರಿಗೂ ಕಾಣುವ ಹಾಗೆ.

ಕಿಟಕಿಯ ಪಕ್ಕದಿಂದ ಇಸ್ತ್ರಿಯವನ ಮಗಳೇ ಶಿಕ್ಷಕಿಗೆ ಹೇಳಿದಳು, "ಯಾರೂ ತಳ್ಳಿಲ್ಲ ಮಿಸ್. ಬಸ್ಸು ನಿಂತಿತು, ನೀವು ನಿಲ್ಲಲಿಲ್ಲ."

"ಹೌದಮ್ಮ, ಹೌದು" ಎಂದು ಶಿಕ್ಷಕಿ ನಾಚಿಕೊಂಡು ಕಂಬಿ ಹಿಡಿದರು. ಇಡೀ ಬಸ್ಸಿನಲ್ಲಿ ಇನ್ನೊಬ್ಬರು ಯಾರೂ ಹಿಂದಿರುಗಿ ನೋಡಲಿಲ್ಲ.

ಟೀಚರ್ ಆತನ ಹತ್ತಿರ ಹೋದರು. "ಕೈ ಇಳಿಸಿ ಅಣ್ಣಾ. ಕಂಬಿ ಹಿಡ್ಕೊಳ್ಳಿ, ನೀವೇ ಬಿದ್ದುಬಿಡ್ತೀರಿ."

ಆತ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಟೀಚರ್ ಎರಡು ಸೀಟಿ ಊದಿದರು, ಬಸ್ಸು ಹೊರಟಿತು. ಆ ಕೈಗಳು ಪೂರ್ತಿ ಇಳಿಯಲು ಮುಂದಿನ ಸ್ಟಾಪು ಬರಬೇಕಾಯಿತು.